ನಾಯಕರಿಗೆ ಕಟ್ಟಿಕೊಟ್ಟ ಗೋಧಿ ಚಪಾತಿ

ನಮ್ಮ ಭಾಗದ ಒಬ್ಬ ನಾಯಕರ ಜೀವನದ ಮೇಲೆ ಸಿನಿಮಾ ಬರುತ್ತಿದೆ ಎಂಬ ಸುದ್ದಿ ಹಬ್ಬಿದ ದಿನದಿಂದ ಬೀದರಿನಲ್ಲಿ ಎಲ್ಲರೂ ಇತಿಹಾಸಕಾರರಾಗಿಬಿಟ್ಟರು. ನಾನು ಇಲ್ಲಿನ ಒಂದು ಕಾಲೇಜಿನಲ್ಲಿ ಇಪ್ಪತ್ತಾರು ವರ್ಷದಿಂದ ಇತಿಹಾಸ ಕಲಿಸುತ್ತಿದ್ದೇನೆ. ಅಷ್ಟು ವರ್ಷದಲ್ಲಿ ನನ್ನ ವಿಷಯವನ್ನು ಹೀಗೆ ಮೈಮೇಲೆ ಎಳೆದುಕೊಂಡವರನ್ನು ನೋಡಿರಲಿಲ್ಲ. ಪರೀಕ್ಷೆಯಲ್ಲಿ ನಾಲ್ಕು ಸಾಲು ಬರೆಯಲು ಒದ್ದಾಡಿದ ನನ್ನ ಹಳೆಯ ವಿದ್ಯಾರ್ಥಿಗಳು ಮೊಬೈಲಿನಲ್ಲಿ ನಾಲ್ಕು ಪುಟ ಬರೆದು ನನಗೇ ಕಳಿಸತೊಡಗಿದರು. ಓದುವಾಗ ಮೊದಲು ನಗು ಬರುತ್ತಿತ್ತು, ಆಮೇಲೆ ಕೆಂಪು ಪೆನ್ನು ಹುಡುಕುವ ಹಾಗಾಗುತ್ತಿತ್ತು.

ನಾಯಕರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಹೆಸರಿನ ಮುಂದೆ ಯಾವ ಬಿರುದು ಹಾಕಬೇಕು ಎಂಬುದರ ಮೇಲೆಯೇ ಎರಡು ಗುಂಪುಗಳು ಕೋರ್ಟಿನ ಮಾತಾಡುತ್ತಿವೆ; ನನಗೆ ಆ ಉಸಾಬರಿ ಬೇಡ. ನಿಜಾಮರ ಆಳ್ವಿಕೆಯ ಕೊನೆಯ ದಿನಗಳಲ್ಲಿ ಜನರನ್ನು ಕಟ್ಟಿಕೊಂಡು ಸರಕಾರದ ಎದುರು ನಿಂತವರು, ಪೊಲೀಸರ ಕೈಗೆ ಸಿಗದೆ ಊರೂರು ತಿರುಗಿದವರು ಎಂದು ತಿಳಿದರೆ ಸಾಕು. ನಮ್ಮ ಮನೆಯಲ್ಲಿ ಅವರನ್ನು ಬರೀ ‘ನಾಯಕರು’ ಎನ್ನುತ್ತೇವೆ, ಅಷ್ಟೇ.

ಸಿನಿಮಾದ ಮೊದಲ ತುಣುಕು ಹೊರಬಿದ್ದಾಗ ನಾಯಕರು ಅಷ್ಟೂರಿನ ಗುಮ್ಮಟಗಳ ಮುಂದೆ ಬಿಳಿ ಕುದುರೆ ಓಡಿಸುತ್ತಿದ್ದರು. ಜಗಳ ಅಲ್ಲಿಂದಲೇ ಶುರು. ಅವರ ಹತ್ತಿರ ಕುದುರೆ ಎಲ್ಲಿತ್ತು ಎಂದು ಕೆಲವರು ಕೇಳಿದರೆ, ನಾಯಕರೆಂದ ಮೇಲೆ ಕುದುರೆ ಇರಲೇಬೇಕು ಎಂದು ಇನ್ನು ಕೆಲವರು. ಸಿನಿಮಾ ಕನ್ನಡದಲ್ಲೂ ಮರಾಠಿಯಲ್ಲೂ ಬರುತ್ತದೆ ಎಂದು ಗೊತ್ತಾದಾಗ ಅವರು ಮನೆಯಲ್ಲಿ ಯಾವ ಭಾಷೆ ಆಡುತ್ತಿದ್ದರು ಎಂಬ ಪ್ರಶ್ನೆ ಎದ್ದಿತು. ಭಾಲ್ಕಿಯವರು ಕನ್ನಡ ಅಂದರು, ಔರಾದದ ಗಡಿಯ ಕಡೆಯವರು ಮರಾಠಿ ಅಂದರು. ನಮ್ಮಂಥ ಮನೆಗಳಲ್ಲಿ ದೇವರ ಮುಂದೆ ಮರಾಠಿ, ಮಕ್ಕಳಿಗೆ ಬೈಯುವಾಗ ಕನ್ನಡ, ಕಚೇರಿಯ ಕಾಗದ ಬಂದರೆ ಅಜ್ಜನ ಕಾಲದ ಉರ್ದು. ಇದನ್ನು ಸಿನಿಮಾದವರಿಗೆ ಯಾರು ತಿಳಿಸಿ ಹೇಳುತ್ತಾರೆ? ನನ್ನ ಜೊತೆ ಕಲಿಸುವ ಉರ್ದು ಮೇಷ್ಟರು ಮಾತ್ರ ಈ ಯಾವ ಜಗಳಕ್ಕೂ ಬಾಯಿ ಹಾಕಲಿಲ್ಲ. ಒಂದು ದಿನ ಚಹಾ ಕುಡಿಯುವಾಗ, ಸಿನಿಮಾದಲ್ಲಿ ತನ್ನ ಅಜ್ಜನಂಥ ಒಳ್ಳೆಯ ಮನುಷ್ಯ ಒಬ್ಬನಾದರೂ ಇರುತ್ತಾನಾ ಎಂದು ಮೆಲ್ಲಗೆ ಕೇಳಿದರು.

ಈ ಗದ್ದಲದಲ್ಲಿ ಸಿನಿಮಾಕ್ಕಾಗಿ ನಿಜವಾಗಿ ದಿನ ಎಣಿಸುತ್ತಿದ್ದವಳು ನಮ್ಮವ್ವ. ಅವಳಿಗೀಗ ಎಂಬತ್ತೈದು ದಾಟಿದೆ, ನನ್ನ ಜೊತೆ ಬೀದರಿನಲ್ಲೇ ಇರುತ್ತಾಳೆ. ಅವಳ ತವರು ಔರಾದ ತಾಲೂಕಿನ ಒಂದು ಹಳ್ಳಿ. ಅವಳು ಏಳೆಂಟು ವರ್ಷದ ಹುಡುಗಿಯಾಗಿದ್ದಾಗ ನಾಯಕರು ಮೂರು ದಿನ ನಮ್ಮಜ್ಜನ ಹೊಲದಲ್ಲಿ ಅಡಗಿದ್ದರು. ಅದೂ ಎಲ್ಲಿ? ಕುರಿಗಳ ನಡುವೆ.

ನಮ್ಮ ಕಡೆ ರಾಶಿ ಮುಗಿದ ಮೇಲೆ ಹೊಲದಲ್ಲಿ ಕುರಿ ಕೂರಿಸುವ ಪದ್ಧತಿ ಇದೆ. ಕುರಿಗಾರರು ತಮ್ಮ ಹಿಂಡು ತಂದು, ಸುತ್ತ ಬಲೆ ಕಟ್ಟಿ, ಕೆಲವು ದಿನ ಹೊಲದಲ್ಲೇ ಇರುತ್ತಾರೆ. ಹಿಕ್ಕೆ, ಗಂಜಲದಿಂದ ನೆಲ ಹದವಾಗುತ್ತದೆ. ಅಷ್ಟೂ ದಿನ ಕುರಿಗಾರರ ಊಟ ಹೊಲದವರದು. ತಲೆಗೆ ಎರಡರಂತೆ ರೊಟ್ಟಿ ಎಣಿಸಿ ದಿನಾ ಮಧ್ಯಾಹ್ನ ಬುತ್ತಿ ಹೋಗಬೇಕು. ಬುತ್ತಿ ಬರುತ್ತಿರುವಾಗ ಕುರಿಗಾರರು ಆ ಹೊಲದಲ್ಲಿ ಒಲೆ ಹಚ್ಚುವುದಿಲ್ಲ. ಹಚ್ಚಿದರೆ ಹೊಲದವರ ಅನ್ನ ಸಾಲಲಿಲ್ಲ ಎಂದು ಊರಿಗೆ ಸಾರಿದ ಹಾಗೆ. ಆ ವರ್ಷ ನಮ್ಮಜ್ಜನ ಹೊಲದಲ್ಲಿ ಕುಳಿತ ಹಿಂಡಿನ ಜೊತೆ ನಾಲ್ಕು ಮಂದಿ ಇದ್ದರು: ಗಂಡ, ಹೆಂಡತಿ, ಮಗ, ಮಗಳು. ಅಜ್ಜ ನಾಯಕರ ಹೆಗಲಿಗೆ ಕಂಬಳಿ ಹಾಕಿ ಅವರನ್ನು ಐದನೆಯವರಾಗಿ ಕೂರಿಸಿಬಿಟ್ಟ. ದಾರಿಯಲ್ಲಿ ಹೋಗುವ ಪೊಲೀಸರ ಕಣ್ಣಿಗೆ ಕುರಿಗಾರ ಎಂದರೆ ಕುರಿಗಾರ. ಮುಖ ಯಾರು ನೋಡುತ್ತಾರೆ?

ಬುತ್ತಿ ಒಯ್ಯುತ್ತಿದ್ದವಳು ನಮ್ಮವ್ವ. ಆಳಿನ ಕೈಯಲ್ಲಿ ಕಳಿಸಿದರೆ ಸುದ್ದಿ ಹೊರಗೆ ಹೋಗುತ್ತದೆಂದು ಆಯಿ, ಅಂದರೆ ನಮ್ಮಜ್ಜಿ, ಮಗಳನ್ನೇ ಕಳಿಸುತ್ತಿದ್ದಳು. ಕುರಿಗಾರರಿಗೆ ಎಂಟು ಜೋಳದ ರೊಟ್ಟಿಯ ದೊಡ್ಡ ಗಂಟು. ನಾಯಕರಿಗೆ ಬೇರೆ ಒಂದು ಚಿಕ್ಕ ಗಂಟು. ಅದರಲ್ಲಿ ತುಪ್ಪ ಬೆಲ್ಲ ಸವರಿ ಮಡಚಿದ ಎರಡು ಗೋಧಿ ಚಪಾತಿ. ಚಿಕ್ಕ ಗಂಟಿನ ಮಾತನ್ನು ಯಾರ ಮುಂದೆಯೂ ಆಡಕೂಡದು ಎಂದು ಆಯಿ ತಾಕೀತು ಮಾಡಿದ್ದಳು. ಜೋಳದ ಮನೆಯಲ್ಲಿ ಗೋಧಿ ಎಂದರೆ ಆಗ ಹಬ್ಬಕ್ಕೆ, ಇಲ್ಲವೆ ಮನೆಯ ಗಂಡಸರಿಗೆ. ಅವ್ವ ಈ ಕಥೆಯನ್ನು ನಮಗೆ ನೂರು ಸಲ ಹೇಳಿದ್ದಾಳೆ. ಹೇಳುವಾಗಲೆಲ್ಲ ಆ ಚಪಾತಿ ಎಷ್ಟು ಮೆತ್ತಗಿದ್ದವು, ಬೆಲ್ಲ ಹೇಗೆ ಕರಗಿ ಅಂಚಿಗೆ ಬಂದಿತ್ತು ಎಂದು ಹೇಳಲು ಮರೆಯುತ್ತಿರಲಿಲ್ಲ. ಕುದುರೆಯ ತುಣುಕು ತೋರಿಸಿದಾಗ ಮೊಬೈಲನ್ನು ಮೂಗಿನ ಹತ್ತಿರ ಹಿಡಿದು ನೋಡಿ, “ಕುದುರಿ ಎಲ್ಲಿಂದ ತಂದರು? ಅವರ ಕಾಲಾಗ ಮುಳ್ಳ ಮುರದು ಬಾತಿತ್ತು. ನಡೀಲಿಕ್ಕೇ ಬರ್ತಿದ್ದಿಲ್ಲ,” ಎಂದಳು.

ಸಿನಿಮಾದ ಕಥೆ ಬರೆಯುವ ಹೆಣ್ಣುಮಗಳೊಬ್ಬಳು ಎರಡು ವರ್ಷದ ಹಿಂದೆ ಯಾರಿಂದಲೋ ಕೇಳಿ ನಮ್ಮ ಮನೆಗೆ ಬಂದಿದ್ದಳು. ಅವ್ವ ಹೇಳಿದ್ದನ್ನು ಪೂರ್ತಿ ಧ್ವನಿಮುದ್ರಿಸಿಕೊಂಡಳು. ಹೋಗುವಾಗ ಅವ್ವನ ಕೈ ಹಿಡಿದು, ಇದು ಸಿನಿಮಾದಲ್ಲಿ ಬಂದೇ ಬರುತ್ತದೆ ಎಂದಳು. ಆಮೇಲೆ ದೃಶ್ಯದ ವಿವರವನ್ನೂ ಫೋನಿನಲ್ಲಿ ಓದಿ ಹೇಳಿದಳು: ಬಿಸಿಲು, ದೂರದಲ್ಲಿ ಕುರಿಹಿಂಡು, ಪುಟ್ಟ ಹುಡುಗಿ ಗಂಟು ಹಿಡಿದು ನಡೆದು ಬರುತ್ತಾಳೆ, ನಾಯಕರು ಚಪಾತಿ ಬಿಚ್ಚಿ ಒಂದು ತುತ್ತು ಮೊದಲು ಅವಳ ಬಾಯಿಗಿಟ್ಟು ತಲೆ ಸವರುತ್ತಾರೆ. ಅವ್ವ ಫೋನು ಇಟ್ಟವಳೇ ಆ ಹೊತ್ತಿನ ಊಟ ಬೇಡ ಎಂದಳು. ಖುಷಿಗೆ ಎಂದುಕೊಂಡೆ. ಅವರು ನಿನ್ನ ತಲೆ ಸವರಿದ್ದರಾ ಎಂದು ಕೇಳಿದರೆ, ಅಷ್ಟೆಲ್ಲ ಏನೂ ಇಲ್ಲ ಎಂದು ಎದ್ದು ಹೋದಳು.

ಅವ್ವನ ಎರಡೂ ಕಣ್ಣಿಗೆ ಪೊರೆ ಬಂದು ಆರು ವರ್ಷವಾಗಿತ್ತು. ಆಪರೇಷನ್ ಎಂದರೆ ಸಾಕು, ನೋಡೂದೇನು ಉಳದದ ಎನ್ನುತ್ತಿದ್ದಳು. ಸಿನಿಮಾ ಬರುವುದು ಖಚಿತವಾದ ಮೇಲೆ ತಾನಾಗಿ ಆಸ್ಪತ್ರೆಗೆ ನಡಿ ಅಂದಳು. ಒಂದು ಕಣ್ಣಿನದು ಮುಗಿದು ತಿಂಗಳಾದ ಮೇಲೆ ಎರಡನೆಯದನ್ನೂ ಮಾಡಿಸಿಕೊಂಡಳು. ಕಪ್ಪು ಕನ್ನಡಕ ಹಾಕಿಕೊಂಡು ಬೆಳಿಗ್ಗೆ ಎದ್ದ ಕೂಡಲೇ, ಸಿನಿಮಾ ಯಾವಾಗ ಬರ್ತದ ಎಂದು ಕೇಳುವುದು ರೂಢಿಯಾಯಿತು. ಸಿನಿಮಾ ಎರಡು ಸಲ ಮುಂದೆ ಹೋಯಿತು. ಮೊದಲ ಸಲ ಭಾಷೆಯ ಜಗಳ, ಎರಡನೆಯ ಸಲ ಇನ್ನೇನೋ. ಪ್ರತಿ ಸಲ ಅವ್ವ ಒಂದು ದಿನ ಊಟ ಸರಿಯಾಗಿ ಮಾಡುತ್ತಿರಲಿಲ್ಲ. ನನಗೆ ಆ ಗುಂಪುಗಳ ಮೇಲೆಲ್ಲ ಕೆಟ್ಟ ಸಿಟ್ಟು ಬರುತ್ತಿತ್ತು. ನಿಮ್ಮ ಜಗಳ ಮುಗಿಯುವ ತನಕ ನನ್ನ ತಾಯಿ ಇರಬೇಕಲ್ಲ?

ಅಷ್ಟರಲ್ಲಿ ಭಾಲ್ಕಿಯ ನಮ್ಮ ಕಾಕಾ ಹೊಸ ತಕರಾರು ತೆಗೆದ. ಕಾಕಾ ಎಂದರೆ ನಮ್ಮಪ್ಪನ ತಮ್ಮ, ವಕೀಲಿ ಬಿಟ್ಟು ಹತ್ತು ವರ್ಷವಾಗಿದ್ದರೂ ವಕೀಲಿ ಅವನನ್ನು ಬಿಟ್ಟಿಲ್ಲ. ನಾಯಕರು ಆ ಮೂರು ದಿನ ಅಡಗಿದ್ದು ಭಾಲ್ಕಿಯಲ್ಲೇ, ಔರಾದದ ಕುರಿ ಕಥೆ ಹೆಂಗಸರು ಹೇಳಿಕೊಂಡು ಬಂದದ್ದು ಎಂದು ಮುನ್ನೂರು ಜನರಿರುವ ವಾಟ್ಸಾಪ್ ಗುಂಪಿನಲ್ಲಿ ಬರೆದ. ಹೆಸರು ಹಾಕದಿದ್ದರೂ ‘ಒಬ್ಬ ಉಪನ್ಯಾಸಕಿಯ ತಾಯಿ’ ಎಂದು ಬರೆದ. ನಾನು ಓದಿದವಳೇ ಫೋನು ಹಚ್ಚಿದೆ. ಕಾಕಾ ಏನೂ ಬಿಸಿಯಾಗಲಿಲ್ಲ.

“ನಿಮ್ಮವ್ವ ಸುಳ್ಳ ಹೇಳ್ತಾಳ ಅಂತ ನಾ ಎಲ್ಲಿ ಅಂದೆ? ಒಂದೇ ಗವಾಹಿ, ಒಂದೇ ಸಾಕ್ಷಿ ಮ್ಯಾಲ ಕೇಸ್ ನಿಲ್ಲಂಗಿಲ್ಲ. ನೀ ಇತಿಹಾಸ ಕಲಸ್ತಿ. ನಿನಗ ನಾ ಹೇಳಬೇಕೇನು? ಎರಡನೇ ಗವಾಹಿ ತಾ, ನಾನೇ ಗ್ರೂಪಿನ್ಯಾಗ ಮಾಫಿ ಕೇಳ್ತೇನಿ,” ಎಂದ.

ನನಗೆ ಉರಿದದ್ದು ಅವನ ಮಾತು ಸರಿಯಾಗಿತ್ತು ಎಂಬುದಕ್ಕೆ. ವಿದ್ಯಾರ್ಥಿಗಳಿಗೆ ಒಂದೇ ಆಧಾರ ನಂಬಬೇಡಿ ಎಂದು ಹೇಳುವವಳು ಮನೆಯ ಕಥೆಯನ್ನು ಒಮ್ಮೆಯೂ ಉಜ್ಜಿ ನೋಡಿರಲಿಲ್ಲ. ಆ ಕುರಿಗಾರರ ಮಗಳು ಇನ್ನೂ ಇದ್ದಾಳಾ ಎಂದು ಅವ್ವನನ್ನು ಕೇಳಿದೆ. ಡಾಬಕಾ ಎಂಬ ಹಳ್ಳಿಗೆ ಮದುವೆ ಮಾಡಿ ಕೊಟ್ಟಿದ್ದರು, ಇರಬಹುದು ಎಂದಳು. ಹೋಗಿ ಮಾತಾಡಿಸುತ್ತೇನೆ ಎಂದಾಗ ಅವ್ವ ಯಾಕೋ ಬೇಡ ಅಂದಳು. ಅಷ್ಟು ದೂರ, ಅಷ್ಟು ವಯಸ್ಸು, ಅವಳಿಗೇನು ನೆನಪಿರುತ್ತದೆ ಎಂದು ನಾಲ್ಕು ಕಾರಣ ಕೊಟ್ಟಳು. ಕಾಕಾನ ಮಾತು ಅವಳ ಮನಸ್ಸಿಗೆ ಹತ್ತಿದೆ, ಅದಕ್ಕೇ ಹೀಗೆ ಎಂದು ನಾನು ತಿಳಿದೆ.

ಒಂದು ರವಿವಾರ ಬೆಳಿಗ್ಗೆ ಕಾರು ತೆಗೆದುಕೊಂಡು ಹೊರಟೆ. ಜನವಾಡದಲ್ಲಿ ಬೀದರಿಗೆ ಹೊರಟ ಮಂದಿ ಬಸ್ಸಿಗೆ ನಿಂತಿದ್ದರು. ಔರಾದದಲ್ಲಿ ಚಹಾಕ್ಕೆ ಇಳಿದರೆ ಅಲ್ಲಿಯೂ ಸಿನಿಮಾದ್ದೇ ಮಾತು, ಮರಾಠಿಯಲ್ಲಿ. ಡಾಬಕಾದಲ್ಲಿ ಕುರಿಗಾರರ ಮನೆಗಳಿರುವ ಓಣಿ ಕೇಳಿ, ಅವಳ ಮನೆ ಹುಡುಕಲು ಕಷ್ಟವಾಗಲಿಲ್ಲ. ಅವಳು ಅಂಗಳದಲ್ಲಿ ಕುಳಿತು ಒಂದು ಮರಿಗೆ ಬಾಟಲಿಯಿಂದ ಹಾಲು ಕುಡಿಸುತ್ತಿದ್ದಳು. ಅವ್ವನಿಗಿಂತ ಎರಡು ವರ್ಷ ದೊಡ್ಡವಳಿರಬೇಕು, ಆದರೆ ಕನ್ನಡಕವಿಲ್ಲ, ಕಿವಿಯೂ ಚುರುಕು. ನಾನು ಯಾರ ಮಗಳು ಎಂದು ಹೇಳಿದಾಗ ನನ್ನನ್ನು ಒಮ್ಮೆ ಪೂರ್ತಿ ನೋಡಿದಳು. ಕುಳಿತುಕೊಳ್ಳಲು ಕಂಬಳಿ ಹಾಸಲು ಸೊಸೆಗೆ ಹೇಳಿದಳು.

ಅವಳಿಗೆ ಎಲ್ಲ ನೆನಪಿತ್ತು. ನಾಯಕರು ಬಂದದ್ದು, ಬಾತ ಕಾಲು, ಅವಳಪ್ಪ ಸೂಜಿಯಿಂದ ಮುಳ್ಳು ತೆಗೆದದ್ದು. ಎರಡನೆಯ ದಿನ ಪೊಲೀಸರು ಹೊಲದ ಬದುವಿನ ತನಕ ಬಂದು, ಬಲೆಯೊಳಗೆ ಕಾಲಿಡಲು ಹೇಸಿ ತಿರುಗಿ ಹೋದದ್ದು. ನಾನು ಮೊಬೈಲಿನಲ್ಲಿ ಧ್ವನಿಮುದ್ರಿಸುತ್ತ ಒಳಗೊಳಗೇ ಕಾಕಾನಿಗೆ ಉತ್ತರ ಬರೆಯುತ್ತಿದ್ದೆ. ಎರಡನೆಯ ಗವಾಹಿ ಸಿಕ್ಕಿತ್ತು, ಅದೂ ಅಂಥಿಂಥದ್ದಲ್ಲ. ಆಮೇಲೆ, ಸುಮ್ಮನೆ ಮಾತು ಮುಗಿಸಲೆಂದು, ನಮ್ಮಜ್ಜಿ ಕಳಿಸುತ್ತಿದ್ದ ಗೋಧಿ ಚಪಾತಿಯನ್ನು ನಾಯಕರು ತಿನ್ನುತ್ತಿದ್ದರಲ್ಲ ಎಂದೆ.

ಅವಳು ಮರಿಯ ಬಾಯಿಂದ ಬಾಟಲಿ ತೆಗೆದಳು.

“ಗೋಧಿ ಚಪಾತಿ? ಯಾವ ಚಪಾತಿ ಯವ್ವಾ? ನಿಮ್ಮ ಮನಿಯಿಂದ ಎಂಟು ಜ್ವಾಳದ ರೊಟ್ಟಿ ಬರ್ತಿದ್ದವು, ನಮ್ಮ ನಾಕು ಮಂದಿಗಿ. ನಿಮ್ಮಜ್ಜ ಊಟದ ಫಿಕರ್ ನನಗಿರಲಿ ಅಂದು ಹೋಗಿದ್ದರು. ಐದನೇದವರಿಗಿ ಮೂರು ದಿನಾನೂ ಏನೂ ಬರಲಿಲ್ಲರಿ. ನಮ್ಮವ್ವ ತನ್ನ ಪಾಲಿನ ಎರಡು ರೊಟ್ಟಿ ಅವರಿಗಿ ಕೊಟ್ಟಳು.”

ಉಳಿದದ್ದನ್ನು ಅವಳು ನಿಧಾನಕ್ಕೆ ಹೇಳಿದಳು. ಮಕ್ಕಳು ತಮ್ಮದರಲ್ಲಿ ಮುರಿದು ಕೊಡಲು ಹೋದರೆ ಅವಳವ್ವ ಬೈದಳಂತೆ. ಒಲೆ ಹಚ್ಚುವ ಹಾಗಿರಲಿಲ್ಲ. ಹಚ್ಚಿದರೆ ಹೊಲದವರಿಗೆ ಅವಮಾನ, ಹೊಗೆ ನೋಡಿ ಪೊಲೀಸರೂ ಬರುತ್ತಿದ್ದರು. ಸಂಶಯ ಬರದಿರಲೆಂದು ಅಜ್ಜ ಆ ಮೂರು ದಿನ ಹೊಲದ ಕಡೆ ಬರಲಿಲ್ಲ; ಹುಡುಗಿಯ ಕೈಯಲ್ಲಿ ಹೆಚ್ಚಿಗೆ ರೊಟ್ಟಿ ಹೇಳಿ ಕಳಿಸಿದರೆ ಊರಿಗೆ ಐದನೆಯವರ ಗುಟ್ಟು ತಿಳಿಯುತ್ತಿತ್ತು. ಮರಿ ಹಾಕಿದ ಕುರಿಗಳು, ಹಾಲು ಮರಿಗಳಿಗೇ ಸಾಲದು. ಅವಳವ್ವ ಮೂರು ದಿನ ನೀರು ಕುಡಿದು, ಅಂಗೈಯಷ್ಟು ಹಾಲು ಕುಡಿದು ಇದ್ದಳು. ಮೂರನೆಯ ದಿನ ಸಂಜೆ ಬಲೆ ಎತ್ತಿ ಕಟ್ಟಲು ಹೋಗಿ ಬಿದ್ದಳು. ನಾಯಕರಿಗೆ ಇದು ಗೊತ್ತಾಗದ ಹಾಗೆ ನೋಡಿಕೊಂಡರಂತೆ, ಗೊತ್ತಾದರೆ ಅವರು ಉಣ್ಣುತ್ತಿರಲಿಲ್ಲ. ಮುಂದಿನ ವರ್ಷದಿಂದ ಅವಳಪ್ಪ ನಮ್ಮಜ್ಜನ ಹೊಲದಲ್ಲಿ ಕುರಿ ಕೂರಿಸಲಿಲ್ಲ. ಎಷ್ಟು ಸಲ ಹೇಳಿ ಕಳಿಸಿದರೂ ಬರಲಿಲ್ಲ. ಅದು ನನಗೂ ಗೊತ್ತಿತ್ತು. ಕುರಿಗಾರರಿಗೆ ಸೊಕ್ಕು ಬಂತು ಎಂದು ಅಜ್ಜ ಕೊನೆಯ ತನಕ ಆಡಿಕೊಳ್ಳುತ್ತಿದ್ದ.

ಬೀದರಿಗೆ ಮರಳುವಾಗ ದಾರಿಯುದ್ದಕ್ಕೂ ಆಯಿಯ ಮೇಲೆ ಸಿಟ್ಟು ಕುದಿಯುತ್ತಿತ್ತು. ನನ್ನ ಮದುವೆಯ ತನಕ ಬದುಕಿದ್ದ ಆಯಿ, ಯಾರು ಬಂದರೂ ಬರಿಗೈಯಲ್ಲಿ ಕಳಿಸದವಳು, ಐದನೆಯವರ ಪಾಲು ಕಳಿಸದೆಯೇ ಕಳಿಸಿದೆ ಎಂದು ಹೇಳಿಕೊಂಡು ತಿರುಗಿದಳಾ? ನನ್ನ ಜಿಪುಣಿ ಅಜ್ಜಿಯ ಕಥೆಯನ್ನು ನಂಬಿ ಅವ್ವ ಜೀವನವಿಡೀ ಹೆಮ್ಮೆಪಟ್ಟಳಲ್ಲ ಎಂದು ಅವ್ವನ ಬಗ್ಗೆ ಕನಿಕರವೂ ಆಯಿತು. ಮನೆ ತಲುಪುವ ಮೊದಲೇ ಕಾಕಾನಿಗೆ ಫೋನು ಮಾಡಿ ಅರ್ಧ ಹೇಳಿದೆ: ನಾಯಕರು ಹೊಲದಲ್ಲಿದ್ದದ್ದು ನಿಜ, ಮುಳ್ಳಿನ ಸಾಕ್ಷಿ ಸಹಿತ. ರೊಟ್ಟಿಯ ವಿಷಯ ನುಂಗಿಕೊಂಡೆ. ಕಾಕಾ ಮಾತಿನ ಮನುಷ್ಯ, ಅರ್ಧ ತಾಸಿನೊಳಗೆ ಗುಂಪಿನಲ್ಲಿ ಮಾಫಿ ಕೇಳಿಬಿಟ್ಟ. ಕೆಳಗೆ ಜನ ನನಗೆ ಕೈಮುಗಿದ ಚಿತ್ರಗಳನ್ನು ಕಳಿಸಿದರು. ಒಂದು ಸಾಕ್ಷಿಯಲ್ಲಿ ಬೇಕಾದಷ್ಟನ್ನೇ ಆರಿಸಿಕೊಳ್ಳುವುದನ್ನು ನಾನು ತರಗತಿಯಲ್ಲಿ ಎಷ್ಟು ಬೈದಿದ್ದೇನೆ ಎಂಬುದು ಆಗ ನೆನಪಾಯಿತು, ಆದರೂ ತಿದ್ದಲಿಲ್ಲ.

ಅವ್ವನಿಗೆ ಹೇಳಬಾರದೆಂದೇ ಇದ್ದೆ. ಮರುದಿನ ಬೆಳಿಗ್ಗೆ ಅವಳ ಕಣ್ಣಿಗೆ ಔಷಧಿ ಹಾಕುತ್ತಿದ್ದಾಗ ಅವಳೇ ಕೇಳಿದಳು, ಆಕೆ ಏನಂದಳು ಎಂದು. ಹನಿ ಬಿದ್ದ ಮೇಲೆ ಕಣ್ಣು ಮುಚ್ಚಿಕೊಂಡಿರಬೇಕು. ಹಾಗೆ ಮುಚ್ಚಿಕೊಂಡೇ ಕೇಳಿದಳು. ನನಗೆ ತಡೆಯಲಾಗಲಿಲ್ಲ. ಎಲ್ಲ ಹೇಳಿದೆ. ಹೇಳುತ್ತ ಹೇಳುತ್ತ ಆಯಿಯನ್ನು ಬಾಯಿಗೆ ಬಂದ ಹಾಗೆ ಅಂದೆ. ಹಸಿದವರ ಅನ್ನ ಉಳಿಸಿ ಹೆಸರು ಗಳಿಸಿದವಳು ಎಂದೆ.

“ನಮ್ಮವ್ವಗ ಏನೂ ಅನಬ್ಯಾಡ,” ಎಂದಳು ಅವ್ವ. “ಆಕಿ ಮೂರು ದಿನಾನೂ ಕಟ್ಟಿ ಕೊಟ್ಟಿದ್ದಳು. ನಾ ತಿಂದೆ.”

ನಾನು ಔಷಧಿ ಬಾಟಲಿಯ ಮುಚ್ಚಳ ಹಾಕುವುದನ್ನೂ ಮರೆತು ನಿಂತೆ. ಅವ್ವ ಕಣ್ಣು ತೆರೆಯದೆ ಹೇಳುತ್ತ ಹೋದಳು. ಹಳ್ಳದ ಹತ್ತಿರ ಒಂದು ಜಾಲಿ ಗಿಡವಿತ್ತು. ಮೊದಲನೆಯ ದಿನ ಅದರ ಬುಡದಲ್ಲಿ ಕುಳಿತು, ರುಚಿ ನೋಡಲೆಂದು ಅಂಚು ಮುರಿದುಕೊಂಡಳು. ಮುರಿದ ಚಪಾತಿಯನ್ನು ದೊಡ್ಡವರಿಗೆ ಹೇಗೆ ಕೊಡುವುದು ಎಂದು ಅದನ್ನು ಪೂರ್ತಿ ತಿಂದಳು. ಒಂದೇ ಉಳಿದರೆ ಎರಡನೆಯದು ಎಲ್ಲಿ ಎಂದು ಕೇಳಿಯಾರು ಎಂದು ಅದನ್ನೂ ತಿಂದಳು. ಚಿಕ್ಕ ಗಂಟಿನ ಮಾತಾಡಕೂಡದು ಎಂದು ಆಯಿ ಹೇಳಿದ್ದರಿಂದ ಹೊಲದಲ್ಲಿ ಯಾರೂ ಕೇಳಲಿಲ್ಲ, ಮನೆಯಲ್ಲಿ ಯಾರೂ ವಿಚಾರಿಸಲಿಲ್ಲ. ಎರಡನೆಯ ದಿನ ಜಾಲಿ ಗಿಡ ಬಂದಾಗ ಕಾಲು ತಾನಾಗಿ ನಿಂತಿತು.

“ಮೂರನೇ ದಿನ ಕೊಡಬೇಕಂತೇ ಹೋಗಿದ್ದೆ. ಹಳ್ಳ ದಾಟಿದ್ದೆ. ಇವತ್ತ ಕೊಟ್ಟರ, ನಿನ್ನಿ ಮೊನ್ನಿ ಯಾಕ ಬರಲಿಲ್ಲ ಅಂತ ಕೇಳ್ತಾರಲ್ಲ ಅಂತ ಅಂಜಿಕಿ ಆತು. ತಿರುಗಿ ಬಂದು ಅಲ್ಲೇ ಕುಂತು ತಿಂದೆ. ಆಕೀ ಅವ್ವ ಉಪಾಸ ಇದ್ದಳಂತ ನನಗ ಇವತ್ತೇ ಗೊತ್ತಾತು.”

ನನಗೆ ಅವ್ವನ ಮೇಲೆ ಸಿಟ್ಟು ಬಂತು, ಅದನ್ನು ಮುಚ್ಚಿಡುವುದಿಲ್ಲ. ಹುಡುಗಿ ತಿಂದಳು, ಹೋಗಲಿ. ಆಮೇಲೆ ಇಷ್ಟು ವರ್ಷ ಅದೇ ಕಥೆಯನ್ನು ನಮಗೆ, ನಮ್ಮ ಮಕ್ಕಳಿಗೆ, ಕೊನೆಗೆ ಸಿನಿಮಾದವರಿಗೆ ಹೇಳಿದಳಲ್ಲ? ಕೇಳಿಯೇ ಬಿಟ್ಟೆ. ಮೊದಮೊದಲು ಆಯಿಯೇ ಎಲ್ಲರಿಗೂ ಹೇಳುತ್ತಿದ್ದಳಂತೆ, ನನ್ನ ಮಗಳು ನಾಯಕರಿಗೆ ಬುತ್ತಿ ಒಯ್ದಳು ಎಂದು. ತಾನು ಅಲ್ಲವೆನ್ನಲಿಲ್ಲ, ಅಷ್ಟೇ. ಮುಂದೆ ಎಲ್ಲರೂ ಕೇಳುವವರೇ, ಹೇಳುತ್ತ ಹೋದೆ ಎಂದಳು. ಒಮ್ಮೊಮ್ಮೆ ಕೊಟ್ಟಿದ್ದೆ ಎಂದೇ ಅನ್ನಿಸುತ್ತಿತ್ತಂತೆ. ಸಿನಿಮಾದ ಹೆಣ್ಣುಮಗಳು ನಾಯಕರು ತುತ್ತು ಕೊಡುವ ದೃಶ್ಯ ಓದಿದ ದಿನದಿಂದ ಮಾತ್ರ ನಿದ್ದೆ ಸರಿಯಾಗಿ ಬರುತ್ತಿಲ್ಲ ಎಂದಳು. ಹಾಗಾದರೆ ಕಣ್ಣು ಮಾಡಿಸಿಕೊಂಡು ಇದನ್ನು ನೋಡಲು ಯಾಕೆ ಕಾದಿದ್ದೆ ಎಂದರೆ ಕೈ ಚಾಚಿ ಕಪ್ಪು ಕನ್ನಡಕ ಕೇಳಿದಳು. ನನಗನ್ನಿಸುವುದು ಇಷ್ಟು: ಚಪಾತಿ ನಾಯಕರ ಕೈ ಸೇರುವುದನ್ನು ಒಮ್ಮೆಯಾದರೂ ಕಣ್ಣಾರೆ ನೋಡಬೇಕೆಂದು ಅವಳಿಗಿತ್ತು.

ಎರಡು ದಿನ ನಾವಿಬ್ಬರೂ ಬೇಕಾದಷ್ಟೇ ಮಾತಾಡಿದೆವು. ಮೂರನೆಯ ದಿನ ಅವ್ವ, ಆ ಕಥೆ ಬರೆಯುವವಳಿಗೆ ಫೋನು ಮಾಡಿ ಬುತ್ತಿಯ ಹುಡುಗಿಯನ್ನು ಸಿನಿಮಾದಿಂದ ತೆಗೆಯಲು ಹೇಳು ಎಂದಳು. ಮಾಡಿದೆ. ಕಥೆ ಬರೆದವಳು ಎಲ್ಲವನ್ನೂ ತಾಳ್ಮೆಯಿಂದ ಕೇಳಿಸಿಕೊಂಡಳು. ಸಿನಿಮಾ ಪೂರ್ತಿ ಮುಗಿದು ಸೆನ್ಸಾರಿನ ಒಪ್ಪಿಗೆಯೂ ಸಿಕ್ಕಿದೆ, ಈಗ ಏನೂ ಮಾಡಲಾಗದು ಎಂದಳು. ನೋಡಿದವರೆಲ್ಲ ಕಣ್ಣೊರೆಸಿಕೊಂಡದ್ದು ಅದೊಂದೇ ದೃಶ್ಯಕ್ಕಂತೆ. ಕುರಿಗಾರರ ಹೆಂಡತಿಯ ವಿಷಯ ಮೊದಲೇ ಗೊತ್ತಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಹಳಹಳಿಸಿದಳು. ತಾರೀಖು ಗಟ್ಟಿಯಾಗಿದೆ, ಮೊದಲ ದಿನ ಬೀದರಿನ ಟಾಕೀಜಿನಲ್ಲಿ ಅವ್ವನಿಗೆ ಶಾಲು ಹೊದಿಸುತ್ತಾರೆ ಎಂದೂ ಹೇಳಿದಳು.

ನಾನು ಕಲಿಸುವ ಇತಿಹಾಸದಲ್ಲಿ ಇಂಥದ್ದು ಎಷ್ಟಿದೆಯೋ ಎಂದು ಆ ರಾತ್ರಿಯೆಲ್ಲ ಯೋಚಿಸಿದೆ ಎಂದರೆ ಸುಳ್ಳಾಗುತ್ತದೆ. ನಾನು ಯೋಚಿಸಿದ್ದು ಶಾಲಿನ ಬಗ್ಗೆ. ಟಾಕೀಜು ತುಂಬಿದ ಜನರ ಮುಂದೆ ಅವ್ವ ಎದ್ದು ನಿಂತು ಏನಾದರೂ ಹೇಳಿಬಿಟ್ಟರೆ ನನ್ನ ಗತಿ ಏನು, ಕಾಕಾನಿಗೆ ಯಾವ ಮುಖ ತೋರಿಸಲಿ ಎಂದು. ಎಂಬತ್ತೈದರ ಮುದುಕಿಗಿದ್ದ ಧೈರ್ಯ ನನಗಿರಲಿಲ್ಲ. ಮರುದಿನ ಕಾಲೇಜಿಗೆ ಹೋಗುವ ಮೊದಲು ಕಾಕಾನಿಗೆ ಫೋನು ಮಾಡಿ ಉಳಿದ ಅರ್ಧ ಹೇಳಿದೆ. ಕಾಕಾ, ಗುಂಪಿನಲ್ಲಿ ಹಾಕುವುದು ಬಿಡುವುದು ನಿನಗೆ ಬಿಟ್ಟದ್ದು, ಆದರೆ ಮೊದಲು ಡಾಬಕಾಕ್ಕೆ ತಿಳಿಸಬೇಕಲ್ಲ ಎಂದ. ಅವ್ವ ಅದಾಗಲೇ ಸೀರೆ ಉಟ್ಟು ಬಾಗಿಲಲ್ಲಿ ಕುಳಿತಿದ್ದಳು. ಸಿನಿಮಾಕ್ಕೆ ಇನ್ನೂ ಎಂಟು ದಿನವಿತ್ತು.

ಕಾಲೇಜಿಗೆ ರಜೆ ಹೇಳಿ ಅವಳನ್ನು ಕರೆದುಕೊಂಡು ಹೋದೆ. ದಾರಿಯಲ್ಲಿ ಅವ್ವ ಹೊಸ ಕಣ್ಣಿನಿಂದ ತನ್ನ ತಾಲೂಕನ್ನು ನೋಡುತ್ತ, ಗಿಡ ಎಲ್ಲ ಕಡಿದಾರ ಎಂದು ಒಂದೇ ಮಾತು ಆಡಿದಳು. ಡಾಬಕಾದ ಅಂಗಳದಲ್ಲಿ ಅವರಿಬ್ಬರೂ ಒಬ್ಬರ ಮುಖ ಒಬ್ಬರು ಬಹಳ ಹೊತ್ತು ನೋಡಿದರು. ಗುರುತು ಸಿಗುವ ವಯಸ್ಸಲ್ಲ. ಆದರೂ ಕೈ ಹಿಡಿದುಕೊಂಡರು. ಸೊಸೆ ಕಂಬಳಿ ಹಾಸಿದಳು. ಅವ್ವ ಕೂರಲಿಲ್ಲ. ನಿಂತೇ ಎಲ್ಲವನ್ನೂ ಹೇಳಿದಳು, ಜಾಲಿ ಗಿಡ, ಅಂಚು ಮುರಿದದ್ದು, ಮೂರನೆಯ ದಿನ ಹಳ್ಳ ದಾಟಿ ತಿರುಗಿದ್ದು. ನಾನು ಅವಳ ತೋಳು ಹಿಡಿಯಲು ಹೋದರೆ ಬಿಡಿಸಿಕೊಂಡಳು.

ಮೂರೂ ದಿನಾನಾ ಎಂದಷ್ಟೇ ಕೇಳಿದಳು ಕುರಿಗಾರರ ಮಗಳು. ಮೂರೂ ದಿನ ಎಂದಳು ಅವ್ವ. ಸೊಸೆ ಚಹಾ ತಂದು, ಇಬ್ಬರ ಮುಖ ನೋಡಿ, ಬಾಗಿಲಲ್ಲೇ ನಿಂತಳು.

“ನಿಮ್ಮವ್ವಗ ನಾ ಭಾಳ ಬೈದೇನಿ,” ಎಂದಳು ಕುರಿಗಾರರ ಮಗಳು ಕೊನೆಗೆ. “ಸಾಯೋತನಕ ಬೈದೇನಿ, ಸತ್ತ ಮ್ಯಾಲೂ ಬೈದೇನಿ. ಆಕಿದೇನೂ ತಪ್ಪಿಲ್ಲ ನೋಡು.”

ಅವ್ವ ತಲೆಯಾಡಿಸಿದಳು. ಕ್ಷಮಿಸಿದೆ ಎಂದು ಅವಳು ಹೇಳಲಿಲ್ಲ, ಅವ್ವನೂ ಕೇಳಲಿಲ್ಲ. ಇಬ್ಬರೂ ಕಂಬಳಿಯ ಮೇಲೆ ಕುಳಿತರು. ಮನೆಯೊಳಗೆ ಟಿ.ವಿ.ಯಲ್ಲಿ ಸಿನಿಮಾದ ಜಾಹೀರಾತು ಬಂದಿರಬೇಕು, ನಗಾರಿಯ ಸದ್ದು ಕೇಳಿಸಿತು. ಅವಳು ಆ ಕಡೆ ಕತ್ತು ಹೊರಳಿಸಿದಳು.

“ಮಂದಿ ಎಲ್ಲಾ ಇದರದೇ ಮಾತಾಡ್ತಾರ. ನಾನೂ ನೋಡ್ಬೇಕಂತ ಮಾಡೇನಿ,” ಎಂದಳು. ಅವ್ವನ ಕಡೆ ತಿರುಗಿದಳು. “ಅದರಾಗ ನಮ್ಮವ್ವ ಇದ್ದಾಳೇನು?”

ನಾನು ಏನಾದರೂ ಹೇಳಿ ಮಾತು ತಿರುಗಿಸಬೇಕೆಂದು ಬಾಯಿ ತೆರೆದೆ. ಅವ್ವ ನನ್ನ ಕಡೆ ನೋಡಲಿಲ್ಲ.

“ಇಲ್ಲ,” ಎಂದಳು. “ನಾ ಇದ್ದೇನಿ.”